ಡಾಕ್ಟರ ಟ್ರಾಕ್ಟರು ಮುಂದಕ್ಕೆ ಮಾತ್ರ

ಹಿಂದಕ್ಕೆ ಹೋಗುವುದು ಅಷ್ಟೇನೂ ಅವಮಾನದ ಸಂಗತಿಯಲ್ಲವೆಂದು ಹಲ್ಲಿನ ಡಾಕ್ಟರು ಮೊದಲಿನಿಂದಲೂ ನಂಬಿದ್ದರು. ಅವರ ಸಂಕಟವೇನೆಂದರೆ, ಹಾಗೆ ಹೋಗಲು ಅವರಿಗೆ ಬರುತ್ತಿರಲಿಲ್ಲ.

ಬರೀ ಟ್ರಾಕ್ಟರನ್ನಾದರೆ ಹೇಗೋ ಹಿಂದಕ್ಕೆ ತರುತ್ತಿದ್ದರು. ಅದರ ಬಾಲಕ್ಕೆ ಟ್ರಾಲಿ ಕಟ್ಟಿದೊಡನೆ ಜಗತ್ತಿನ ಎಡಬಲಗಳ ನಡುವಣ ಹಳೆಯ ಒಪ್ಪಂದ ಮುರಿದು ಬೀಳುತ್ತಿತ್ತು. ಸ್ಟಿಯರಿಂಗನ್ನು ಎಡಕ್ಕೆ ತಿರುಗಿಸಿದರೆ ಟ್ರಾಲಿಯ ಹಿಂಭಾಗ ಬಲಕ್ಕೆ ನುಗ್ಗುತ್ತಿತ್ತು. ಅದನ್ನು ಸರಿಪಡಿಸಲು ಹೋದರೆ ಟ್ರಾಲಿ ಮಡಚಿಕೊಂಡು, ಮುನಿದ ಮಗುವಿನಂತೆ ಟ್ರಾಕ್ಟರಿನ ಪಕ್ಕಕ್ಕೇ ಬಂದು ನಿಲ್ಲುತ್ತಿತ್ತು. (ದಿನವಿಡೀ ಪುಟ್ಟ ಕನ್ನಡಿಯಲ್ಲಿ ತಲೆಕೆಳಗಾದ ದವಡೆಗಳನ್ನು ನೋಡಿ ಕೆಲಸ ಮಾಡುವವರಿಗೆ ಇಷ್ಟೂ ಬಾರದೇ ಎಂದು ನೀವು ಕೇಳಬಹುದು. ಡಾಕ್ಟರೂ ತಮ್ಮನ್ನು ತಾವೇ ಕೇಳಿಕೊಂಡಿದ್ದರು. ಹಲ್ಲು ಕನಿಷ್ಠಪಕ್ಷ ಇದ್ದಲ್ಲೇ ಇರುತ್ತದೆ ಎಂಬ ಉತ್ತರ ಅವರಿಗೇ ಸಮಾಧಾನ ಕೊಟ್ಟಿರಲಿಲ್ಲ.)

ಊರಂಚಿನಲ್ಲಿ ಅವರಿಗೆ ನಿಂಬೆ, ಸೀಬೆಗಳ ಸಣ್ಣದೊಂದು ತೋಟವಿತ್ತು. ಅದರ ಉಳುಮೆಗೆ ಮಿನಿ ಟ್ರಾಕ್ಟರೊಂದನ್ನು ಕೊಳ್ಳುವ ಮಾತು ಬಂದಾಗ, ದವಾಖಾನೆಯ ಮುಂದಿನ ಕೋಣೆಯಲ್ಲಿ ಕುಳಿತು ರೋಗಿಗಳಿಗೆ ಸರದಿ ಕೊಡುವ ಅವರ ಹೆಂಡತಿ ನೇರವಾಗಿಯೇ ಕೇಳಿದ್ದರು:

"ಅಪರೂಪಕ್ಕೆ ಉಳೋದಕ್ಕೆ ಬಾಡಿಗೆಗೆ ತರಿಸಿದ್ರೆ ಸಾಲದೇನ್ರೀ?"

"ಬಾಡಿಗೆಯವನು ನನಗೆ ಬೇಕಾದಾಗ ಬರ್ತಾನಾ?"

"ನೀವು ನನಗೆ ಬೇಕಾದಾಗ ಬರ್ತೀರಾ? ಹಾಗಂತ ನಾನು ಇನ್ನೊಬ್ಬರನ್ನ ಕೊಂಡ್ಕೊಂಡ್ನಾ?"

ಈ ತರ್ಕವನ್ನು ಬದಿಗೊತ್ತಿ ಡಾಕ್ಟರು ಶಾಸ್ತ್ರೀಯ ಸಂಶೋಧನೆಗೆ ಕೈಹಾಕಿದರು. ಜಾಹೀರಾತನ್ನು ನಂಬಬಾರದು, ಅಂಗಡಿಯವನನ್ನು ನಂಬಬಾರದು, ಗಾಡಿ ಇಟ್ಟುಕೊಂಡವರ ಅನುಭವವನ್ನೇ ಕೇಳಬೇಕು ಎಂಬುದು ಅವರ ಸಿದ್ಧಾಂತ. ಪುಣ್ಯಕ್ಕೆ, ಸುತ್ತಲಿನ ಟ್ರಾಕ್ಟರ್ ಮಾಲೀಕರಿಗೆಲ್ಲ ಹಲ್ಲುಗಳಿದ್ದವು. ಒಬ್ಬೊಬ್ಬರೂ ಕುರ್ಚಿಯಲ್ಲಿ ಒರಗಿದಾಗ ಡಾಕ್ಟರು ಡ್ರಿಲ್ಲನ್ನು ಕೈಯಲ್ಲಿ ಹಿಡಿದು, ದೀಪವನ್ನು ಸರಿಪಡಿಸುತ್ತ, "ಮಿನಿ ಟ್ರಾಕ್ಟರ್ ತಗೋಬೇಕು ಅಂತ ನನ್ನ ಬಹಳ ದಿನದ ಆಸೆ. ನಿಮ್ಮ ಅನುಭವ ಏನು, ಮುಚ್ಚುಮರೆ ಇಲ್ಲದೆ ಹೇಳಿ," ಎನ್ನುತ್ತಿದ್ದರು. ವರದಿ ಸರ್ವಾನುಮತದ್ದಾಗಿತ್ತು. ಅದ್ಭುತವಾದ ಗಾಡಿ, ಡೀಸೆಲ್ ಮೂಸಿ ನೋಡುತ್ತದೆಯೇ ಹೊರತು ಕುಡಿಯುವುದಿಲ್ಲ, ಸಾಲುಗಳ ನಡುವೆ ನೀರಿನಂತೆ ಹರಿಯುತ್ತದೆ. ಗಿಡದಂಗಡಿಯ ಯಜಮಾನರಂತೂ, "ಟ್ರಾಲಿ ಕಟ್ಟಿದ್ರೂ ಬೆರಳಲ್ಲಿ ತಿರುಗುತ್ತೆ ಡಾಕ್ಟ್ರೇ, ಕಣ್ಣು ಮುಚ್ಚಿ ತಗೊಳ್ಳಿ," ಎಂದು ಹೇಳಿ ತಾವೂ ಕಣ್ಣು ಮುಚ್ಚಿಕೊಂಡಿದ್ದರು.

ಗಾಡಿ ಬಂತು. ಮೊದಲ ತಿಂಗಳು ಗೇಟಿನ ಕಂಬವೊಂದು ಬೇರು ಸಮೇತ ಹೊರಬಂತು. ಎರಡನೆಯ ತಿಂಗಳು ಬಟ್ಟೆ ಒಣಹಾಕುವ ತಂತಿ, ಅದರ ಮೇಲಿನ ಸೀರೆಗಳ ಸಹಿತ, ಟ್ರಾಲಿಯೊಡನೆ ಊರ ಪ್ರದಕ್ಷಿಣೆ ಮಾಡಿ ಬಂತು. "ಗೇರ್ ಸ್ವಲ್ಪ ಬಿಗಿ," ಎಂದರು ಡಾಕ್ಟರು. ಹೆಂಡತಿ ಸೀರೆಯ ಹರಿದ ಅಂಚನ್ನು ಮಡಚಿಡುತ್ತ ತಣ್ಣಗೆ ಹೇಳಿದರು: "ಇನ್ನೊಂದೇ ಒಂದು ಸಲ ಎಲ್ಲಿಗಾದ್ರೂ ತಾಗಿಸಿದ್ರೋ, ಟ್ರಾಕ್ಟರು ನನ್ನ ತಮ್ಮನ ಮನೆಗೆ."

ಆ ತಮ್ಮನೂ ಸುಮ್ಮನಿರುವವನಲ್ಲ. ವಾರವಾರವೂ ಫೋನು ಮಾಡಿ, ಆಸ್ತಿಯಿರುವ ಮುದುಕರ ಆರೋಗ್ಯ ವಿಚಾರಿಸುವ ದನಿಯಲ್ಲಿ, "ಭಾವ, ಟ್ರಾಕ್ಟರು ಹೇಗಿದೆ?" ಎಂದು ಕೇಳುತ್ತಿದ್ದ.

ಡಾಕ್ಟರ ನಿದ್ದೆ ಹಾರಿಹೋಯಿತು. ಏಕೆಂದರೆ ಅವರಿಗೆ ಆ ಗಾಡಿಯ ಮೇಲೆ ನಿಜವಾದ ಮಮತೆ ಹುಟ್ಟಿತ್ತು. ದವಾಖಾನೆಯಲ್ಲಿ ಅವರ ಮುಖ ಕಂಡೊಡನೆ ಜನರ ಮುಖ ಬಾಡುತ್ತಿತ್ತು; ಟ್ರಾಕ್ಟರಿನ ಸೀಟಿನ ಮೇಲೆ ಕುಳಿತ ಅವರನ್ನು ಕಂಡರೆ ಬೀದಿಯ ಜನ ನಗುತ್ತಿದ್ದರು. (ಏಕೆ ನಗುತ್ತಿದ್ದರೆಂಬುದರ ಆಳಕ್ಕೆ ಅವರು ಇಳಿದಿರಲಿಲ್ಲ.) ಇಪ್ಪತ್ತು ವರ್ಷಗಳ ವೃತ್ತಿಜೀವನದಲ್ಲಿ ಅವರನ್ನು ನೋಡಿ ಯಾರಾದರೂ ತಾವಾಗಿಯೇ ಹಲ್ಲು ತೋರಿಸಿದ್ದು ಇದೇ ಮೊದಲು.

ಆದ್ದರಿಂದ ಹಿಂದಕ್ಕೆ ಹೋಗುವ ಪ್ರಮೇಯವೇ ಬಾರದಂತೆ ಅವರು ಬದುಕನ್ನು ಪುನರ್ರಚಿಸಿಕೊಂಡರು. ತೋಟದೊಳಗೆ ಟ್ರಾಲಿ ತಿರುಗಿಸಲು ಜಾಗವಿಲ್ಲವೆಂದು ಹಿಂಬದಿಯ ಬೇಲಿ ಒಡೆಸಿ ಎರಡನೆಯ ಗೇಟು ಇಡಿಸಿ, ಹೆಂಡತಿಗೆ "ಗಾಳಿಯಾಡಲಿ ಅಂತ" ಎಂದರು. ಒಂದರಿಂದ ಒಳಗೆ, ಇನ್ನೊಂದರಿಂದ ಹೊರಗೆ, ಊರು ಬಳಸಿ ಮನೆಗೆ. ಉಳಿದದ್ದು ಒಂದೇ ಗಂಡಾಂತರ: ತೋಟಕ್ಕೆ ಹೋಗುವ ದಾರಿಯ ಕಿರಿದಾದ ಓಣಿ. ಎರಡೂ ಕಡೆ ಎತ್ತರದ ಗೋಡೆ, ನಡುವೆ ಒಂದೇ ಗಾಡಿಗೆ ಜಾಗ, ಮಧ್ಯದಲ್ಲೊಂದು ತಿರುವು. ಪ್ರತಿ ಭಾನುವಾರ ಏನಾದರೊಂದು ನೆಪ ಹೇಳಿ ಹೆಂಡತಿಯನ್ನು ಸ್ಕೂಟರಿನಲ್ಲಿ ಮುಂದೆ ಕಳಿಸುತ್ತಿದ್ದರು. ಆಕೆ ಆ ತುದಿ ಸೇರಿ, ಎದುರಿಗೆ ಯಾರೂ ಬರುತ್ತಿಲ್ಲವೆಂದು ಮಾತಿನ ನಡುವೆ ಫೋನಿನಲ್ಲಿ ತಿಳಿಸಿದ ಮೇಲೆಯೇ ಇವರು ಓಣಿಗೆ ಇಳಿಯುತ್ತಿದ್ದದ್ದು.

ಆ ಭಾನುವಾರ ಆಕೆ ಒಪ್ಪಲಿಲ್ಲ. "ನಾನು ತಲೆಗೆ ಸ್ನಾನ ಮಾಡ್ಬೇಕು. ನೀವು ಹೋಗಿ, ಆಮೇಲೆ ಬರ್ತೀನಿ."

ಟ್ರಾಲಿಯಲ್ಲಿ ಸೀಬೆ ಗಿಡಗಳ ಬುಡಕ್ಕೆ ಹಾಕಲು ಗುಡಿಸಿ ತಂದ ಒಣಗಿದೆಲೆಗಳಿದ್ದವು. ಓಣಿಯ ಬಾಯಲ್ಲಿ ಡಾಕ್ಟರು ಇಳಿದು ಇಣುಕಿದರು, ಕಿವಿಗೊಟ್ಟರು, ಮೂರು ಸಲ ಹಾರ್ನ್ ಹೊಡೆದರು. ನಿಶ್ಶಬ್ದ. ಒಳಹೊಕ್ಕರು. ತಿರುವು ದಾಟಿದರು. ಎದುರಿಗೆ ತಮ್ಮದೇ ಬಣ್ಣದ, ತಮ್ಮದೇ ಗಾತ್ರದ ಇನ್ನೊಂದು ಮಿನಿ ಟ್ರಾಕ್ಟರು ನಿಂತಿತ್ತು. ಅದರ ಹಿಂದೆ ಸಸಿಗಳು ತುಂಬಿದ ಟ್ರಾಲಿ. ಮೇಲೆ ಗಿಡದಂಗಡಿಯ ಯಜಮಾನರು.

"ಓಹೋ, ನಮಸ್ಕಾರ ಡಾಕ್ಟ್ರೇ! ಬನ್ನಿ, ಬನ್ನಿ, ಮೊದಲು ನೀವು ಬನ್ನಿ."

"ಛೇ, ಉಂಟೇ! ನೀವು ಹಿರಿಯರು. ನೀವೇ ಬನ್ನಿ."

"ನಾನು ಬರೋಕೆ ನೀವು ಹಿಂದಕ್ಕೆ ಹೋಗ್ಬೇಕಲ್ಲ."

"ನಾನು ಬರೋಕೆ ನೀವು ಹೋಗ್ಬೇಕಲ್ಲ."

ಇಬ್ಬರೂ ಸೌಜನ್ಯದ ನಗೆ ನಕ್ಕು ಇಂಜಿನ್ ಆರಿಸಿದರು. ಡಾಕ್ಟರು ಯಜಮಾನರ ಎಡ ದವಡೆಯ ಯೋಗಕ್ಷೇಮ ವಿಚಾರಿಸಿದರು. ಯಜಮಾನರು ನಿಂಬೆಯ ಇಳುವರಿ ಕೇಳಿದರು. ಬಿಸಿಲು ಏರಿತು, ವಿಷಯಗಳು ಮುಗಿದವು. ಕೊನೆಗೆ ಯಜಮಾನರೇ ದನಿ ತಗ್ಗಿಸಿ ಹೇಳಿದರು:

"ನಿಮ್ಮ ಹತ್ರ ಹೇಳೋಕೆ ಏನಂತೆ. ಟ್ರಾಲಿ ಇಟ್ಕೊಂಡು ಹಿಂದಕ್ಕೆ ಹೋಗೋದು ನನಗೆ ಬರೋಲ್ಲ ಡಾಕ್ಟ್ರೇ. ಯಾವಾಗ್ಲೂ ನಮ್ಮ ಸೊಸೆ ಮಾಡ್ತಾಳೆ."

ಡಾಕ್ಟರು ಸೀಟಿನಿಂದ ಅರ್ಧ ಎದ್ದರು. "ಬೆರಳಲ್ಲಿ ತಿರುಗುತ್ತೆ ಅಂದಿದ್ರಲ್ರೀ!"

"ಹೂಂ, ಅಂದಿದ್ದೆ. ನಿಮ್ಮ ಕೈಯಲ್ಲಿ ಡ್ರಿಲ್ ಇತ್ತಲ್ಲ ಸ್ವಾಮಿ. ಆ ಹೊತ್ತಲ್ಲಿ ನೀವು ಆನೆ ಸಾಕ್ತೀನಿ ಅಂದಿದ್ರೂ ಮೈಲೇಜ್ ಚೆನ್ನಾಗಿದೆ ಅಂತಿದ್ದೆ."

ತಮ್ಮ ಸಂಶೋಧನೆಯ ಸಮಸ್ತ ಸಾಕ್ಷಿಗಳೂ ಅದೇ ಕುರ್ಚಿಯಲ್ಲಿ, ಅದೇ ಡ್ರಿಲ್ಲಿನ ಕೆಳಗೆ ನುಡಿದವರೆಂಬುದು ಡಾಕ್ಟರಿಗೆ ಹೊಳೆಯುವಷ್ಟರಲ್ಲಿ ಬೆನ್ನ ಹಿಂದೆ ಸ್ಕೂಟರಿನ ಸದ್ದು ಕೇಳಿಸಿತು. ಹೆಂಡತಿ ಒದ್ದೆ ತಲೆಗೆ ಟವೆಲು ಸುತ್ತಿಕೊಂಡೇ ಬಂದಿದ್ದರು.

"ಏನ್ರೀ ಇದು? ಎಷ್ಟು ಹೊತ್ತಾಯ್ತು?"

"ಈಗ ತಾನೇ. ಸುಮ್ನೆ ಮಾತಾಡ್ತಾ ನಿಂತ್ವಿ."

"ಅವರ ಸಸಿಗಳೆಲ್ಲ ತಲೆ ಬಗ್ಗಿಸಿವೆ. ಮಾತು ಮುಗಿದಿದ್ರೆ ಹಿಂದಕ್ಕೆ ತಗೊಳ್ಳಿ."

ಡಾಕ್ಟರು ಹಲ್ಲು ಕಚ್ಚಿ ಇಂಜಿನ್ ಚಾಲೂ ಮಾಡಿದರು. ಗೇರ್ ಹಾಕಿದರು. ಟ್ರಾಲಿ ತುಸುವೇ ಸರಿದು, ಸೀದಾ ಎಡಗೋಡೆಯತ್ತ ಹಿಂಭಾಗ ಹೊರಳಿಸಿತು. ಇನ್ನೊಂದು ಬೆರಳಷ್ಟು ಹೋದರೆ ಗೋಡೆ. ಗೋಡೆಗೆ ತಾಗಿದರೆ ಬಾಮೈದ. ಅವರು ಬ್ರೇಕನ್ನು ಪ್ರಾಣದಂತೆ ಹಿಡಿದು ಕುಳಿತರು.

"ಸಾಕು, ಇಳೀರಿ," ಎಂದರು ಹೆಂಡತಿ. "ನಿಮಗೆ ಬರಲ್ಲ."

"ನಿನಗೆ... ಯಾವಾಗ ಗೊತ್ತಾಯ್ತು?"

"ಬೇಲಿಗೆ ಎರಡನೇ ಗೇಟು ಇಡಿಸಿದಾಗ್ಲೇ. ಬಯಲಲ್ಲಿರೋ ತೋಟಕ್ಕೆ ಗಾಳಿಯಾಡಲಿ ಅಂತ ಯಾರ್ರೀ ಬಾಗಿಲು ಇಡಿಸ್ತಾರೆ?"

ಯಜಮಾನರು ಆಕಾಶ ನೋಡಿದರು. ಆಕೆ ಹೊತ್ತು ಕಳೆಯಲಿಲ್ಲ. ಸ್ಕೂಟರನ್ನು ಓಣಿಯಾಚೆ ನಿಲ್ಲಿಸಿ ಬಂದರು. ಡಾಕ್ಟರ ಟ್ರಾಕ್ಟರಿಗೂ ಟ್ರಾಲಿಗೂ ನಡುವಣ ಕೊಂಡಿಯ ಪಿನ್ನು ಕೀಳಿಸಿದರು. ಡಾಕ್ಟರನ್ನೂ ಯಜಮಾನರನ್ನೂ ಟ್ರಾಲಿಯ ಮೂತಿಗೆ, ಒಂದೊಂದು ಪಕ್ಕಕ್ಕೆ ಹೂಡಿದರು. (ಬೇರೆ ಪದ ಹೊಂದುವುದಿಲ್ಲ.) ತಾವು ಹಿಂದೆ ನಿಂತು, "ಎತ್ತಿ, ಹಾಂ, ತಳ್ಳಿ, ಸ್ವಲ್ಪ ಬಲಕ್ಕೆ, ಹಾಗೇ," ಎಂದು ನಡೆಸಿದರು. ಕುದುರೆಶಕ್ತಿಯ ಲೆಕ್ಕದಲ್ಲಿ ಕೊಂಡ ಎರಡು ಯಂತ್ರಗಳು ನೋಡುತ್ತ ನಿಂತವು. ಒಬ್ಬ ವೈದ್ಯ ಮತ್ತು ಒಬ್ಬ ವರ್ತಕ ಏದುಸಿರು ಬಿಡುತ್ತ ಟ್ರಾಲಿಯನ್ನು ತಿರುವು ದಾಟಿಸಿ ಓಣಿಯಾಚೆ ತಂದರು. ಎಲ್ಲಿಯೂ ಒಂದು ಗೀರೂ ಬೀಳಲಿಲ್ಲ. ಬಳಿಕ ಡಾಕ್ಟರು ಬರೀ ಟ್ರಾಕ್ಟರನ್ನು ಹಿಂದಕ್ಕೆ ತಂದರು. ಯಜಮಾನರು ಕೈಮುಗಿದು, ತಮ್ಮ ಗಾಡಿ ಹತ್ತಿ, ಅವಸರವಾಗಿ ಮುಂದಕ್ಕೆ ಹೋದರು.

ಇಬ್ಬರೇ ಉಳಿದಾಗ ಡಾಕ್ಟರು ಅಳುಕುತ್ತ ಕೇಳಿದರು: "ಹಾಗಾದ್ರೆ... ಟ್ರಾಕ್ಟರು ನಿನ್ನ ತಮ್ಮನಿಗೇನಾ?"

"ಎಲ್ಲೂ ತಾಗ್ಲಿಲ್ವಲ್ಲ. ಮಾತು ಅಂದ್ರೆ ಮಾತು. ಇಲ್ಲೇ ಇರ್ಲಿ."

ತಿಂಗಳುಗಳಿಂದ ಎದೆಯ ಮೇಲೆ ಕುಳಿತಿದ್ದ ಕಲ್ಲು ಇಳಿದಂತಾಯಿತು. ಡಾಕ್ಟರು ಬೆವರೊರೆಸಿಕೊಂಡು ನಕ್ಕರು. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆ ಸುಖಾಂತವಾಗುತ್ತಿತ್ತು. ಆದರೆ ನಿಶ್ಚಿಂತರಾದ ಮನುಷ್ಯರಿಗೆ ಜಂಬ ಬಹಳ ಬೇಗ ಬರುತ್ತದೆ.

"ನಿಜ ಹೇಳ್ಬೇಕಂದ್ರೆ ಟ್ರಾಲಿ ಏನೇನೂ ಭಾರ ಇಲ್ಲ ಕಣೆ," ಎಂದರು ತೋಳು ಮಡಿಸಿ. "ನಾನೊಬ್ಬನೇ ತೋಟದ ತನಕ ಕೈಯಲ್ಲೇ ಎಳ್ಕೊಂಡು ಹೋಗ್ಬಿಡ್ತಿದ್ದೆ."

ಹೆಂಡತಿ ಸ್ಕೂಟರ್ ಹತ್ತಲಿದ್ದವರು ನಿಂತರು. "ಹೌದಾ?"

"ಮತ್ತೆ? ಆಟದ ಸಾಮಾನು!"

ಆಕೆ ಫೋನು ತೆಗೆದರು. "ತಮ್ಮಾ, ಇವತ್ತೇ ಬಂದು ಟ್ರಾಕ್ಟರ್ ತಗೊಂಡು ಹೋಗೋ. ಇಲ್ಲ ಇಲ್ಲ, ಏನೂ ಆಗಿಲ್ಲ, ಭಾವನೇ ಕೊಡ್ತಾ ಇದಾರೆ. ಟ್ರಾಲಿ ಮಾತ್ರ ಬಿಟ್ಟು ಹೋಗು."

"ಟ್ರಾಕ್ಟರ್ ಇಲ್ದೆ ಟ್ರಾಲಿ ಯಾಕೆ?" ಎಂದರು ಡಾಕ್ಟರು.

"ಅದನ್ನ ಎಳೆಯೋರು ಮನೇಲೇ ಇದಾರಲ್ರೀ. ಮುಂದಕ್ಕೂ ಹೋಗ್ತಾರೆ, ಹಿಂದಕ್ಕೂ ಹೋಗ್ತಾರೆ, ಡೀಸೆಲ್ಲೂ ಕೇಳಲ್ಲ."

ಡಾಕ್ಟರು ಪ್ರತಿಭಟಿಸಲೆಂದು ಬಾಯಿ ತೆರೆದರು. ಅಗಲವಾಗಿಯೇ ತೆರೆದರು. ಆದರೆ ತಮ್ಮ ಕುರ್ಚಿಯಲ್ಲಿ ಕುಳಿತವರೆಲ್ಲರ ಹಾಗೆ, ಅವರಿಂದಲೂ ಹೊರಟದ್ದು "ಆಂ" ಎಂಬ ಒಂದೇ ಅಕ್ಷರ.