ಎರಡೇ ಸಾಲಿನ ಭಾವ

ನನ್ನ ಭಾವನವರ ಪೂರ್ತಿ ಮಾತನ್ನು ಈ ಊರಿನಲ್ಲಿ ಯಾರೂ ಕೇಳಿದ್ದಿಲ್ಲ. ಅವರು ಮೊದಲ ಎರಡು ಸಾಲು ಮಾತ್ರ ಹೇಳುತ್ತಾರೆ. ಮಿಕ್ಕಿದ್ದು ಬೇಕಾದರೆ ನಾವು ಒತ್ತಬೇಕು!

ಭಾವ ಎಂದರೆ ನನ್ನ ಗಂಡನ ಅಣ್ಣ. ಕುಂದಾಪುರದ ಕಡೆಯವರು. ವಿಮಾನ ಕಾರ್ಖಾನೆಯಲ್ಲಿ ರೆಕ್ಕೆಗಳ ಲೆಕ್ಕ ಹಾಕುತ್ತಲೇ ಆಯಸ್ಸು ಕಳೆದು, ಈಗ ನಿವೃತ್ತರಾಗಿ ಈ ಪರದೇಶದ ಮಿಲ್ ಕ್ರೀಕ್ ಊರಿನ ಮನೆಯಲ್ಲಿದ್ದಾರೆ. ಮಾಡಲು ಕೆಲಸವಿಲ್ಲದೆ ಫೋನಿನಲ್ಲಿ ಪೋಸ್ಟ್ ಬರೆಯತೊಡಗಿದರು. ಅಲ್ಲಿ ಎಷ್ಟೇ ಉದ್ದ ಬರೆದರೂ ಕಾಣುವುದು ಎರಡು ಸಾಲು. ಕೆಳಗೆ 'ಇನ್ನಷ್ಟು' ಎಂಬ ಪದ. ಅದನ್ನು ಒತ್ತಿದವರಿಗಷ್ಟೇ ಉಳಿದದ್ದು. ಒತ್ತುವ ಪುರುಸೊತ್ತು ಯಾರಿಗಿದೆ? ಹಾಗಾಗಿ ಬಾಂಬನ್ನೆಲ್ಲ ಮೊದಲ ಎರಡು ಸಾಲಿನಲ್ಲೇ ಇಡಬೇಕೆಂದು ಭಾವ ಕಲಿತರು. ಕಲಿತದ್ದು ಬಾಯಿಗೂ ಹತ್ತಿತು.

ಒಮ್ಮೆ ಫೋನ್ ಮಾಡಿ, "ನಮ್ಮನೆಗೆ ಪೊಲೀಸ್ ಬಂದಿದ್ರು ಮಾರಾಯ್ತಿ" ಎಂದು ಸುಮ್ಮನಾದರು. ನಾನೋ, ಒಲೆ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಬಾಥೆಲ್‌ನ ನಮ್ಮ ಮನೆಗೆ ಕಾರು ತಿರುಗಿಸುವವಳು. ಅವರು ಉಸಿರೆಳೆದುಕೊಳ್ಳುವಷ್ಟರಲ್ಲಿ ಮನಸ್ಸಿನಲ್ಲೇ ವಕೀಲರನ್ನು ಹಿಡಿದು, ಮನೆ ಮಾರಿಸಿ, ಎಲ್ಲರನ್ನೂ ವಿಮಾನ ಹತ್ತಿಸಿಯಾಗಿತ್ತು. ಆಮೇಲೇನಾಯಿತು ಎಂದು ಒತ್ತಿದರೆ, ಪಕ್ಕದ ಮನೆಯ ನಾಯಿ ತಪ್ಪಿಸಿಕೊಂಡಿತ್ತಂತೆ. ನೋಡಿದಿರಾ ಎಂದು ಕೇಳಲು ಬಂದಿದ್ದರಂತೆ!

ಇನ್ನೊಮ್ಮೆ, ಮೂವತ್ತು ವರ್ಷ ಜೊತೆಗಿದ್ದವಳು ನಿನ್ನೆ ನನ್ನನ್ನು ಬಿಟ್ಟು ಹೋದಳು ಎಂದು ಬರೆದರು. ಹೋದದ್ದು ಮಹಡಿಯ ಕೋಣೆಗೆ, ಇವರ ಗೊರಕೆ ತಾಳಲಾರದೆ. ಆದರೆ ಅದಿದ್ದದ್ದು ಮೂರನೆಯ ಸಾಲಿನಲ್ಲಿ. ಅಲ್ಲಿಯವರೆಗೆ ಹೋದವರಿಲ್ಲ. ಕೈಮುಗಿದ ಚಿತ್ರಗಳು, 'ಓಂ ಶಾಂತಿ'ಗಳು ಸಾಲುಗಟ್ಟಿದವು. ಎದುರುಮನೆಯ ತೆಲುಗಿನಾಕೆ ಕಣ್ಣೊರೆಸಿಕೊಳ್ಳುತ್ತಾ ಪುಳಿಹೋರ ತಂದರೆ ಬಾಗಿಲು ತೆರೆದದ್ದು ಸಾಕ್ಷಾತ್ ಅಕ್ಕ! ನನ್ನ ಓರಗಿತ್ತಿಯನ್ನು ನಾನು ಕರೆಯುವುದು ಹಾಗೆ. ಅಕ್ಕ ಡಬ್ಬಿ ತೆಗೆದುಕೊಂಡು ರುಚಿ ನೋಡಿ, ನಿಜವಾಗಿ ಸತ್ತಾಗ ಹುಳಿ ಸ್ವಲ್ಪ ಮುಂದಿರಲಿ ಎಂದರಂತೆ.

ನಗಬೇಡಿ. ಒತ್ತದೆ ಕೈಮುಗಿದವರಲ್ಲಿ ನೀವೂ ಇದ್ದೀರಿ. ಸಾವಿಗೂ ಹುಟ್ಟುಹಬ್ಬಕ್ಕೂ ನಾವು ಖರ್ಚು ಮಾಡುವುದು ಹೆಬ್ಬೆರಳಿನ ಒಂದು ತಟ್ಟು. ಭಾವ ತಮ್ಮ ಬದುಕನ್ನು ಆ ಅಳತೆಗೆ ಕತ್ತರಿಸಿಕೊಂಡರು, ಅಷ್ಟೆ.

ಈ ಚಳಿಗಾಲ ಅಕ್ಕನ ಎದೆಯಲ್ಲಿ ಗಂಟು ಕಂಡಿತು. ಸೂಜಿ ಚುಚ್ಚಿ ಪರೀಕ್ಷೆಗೆ ಕಳಿಸಿದರು.

"ನನ್ನ ಗಂಟನ್ನ ನಿಮ್ಮ ಎರಡು ಸಾಲಲ್ಲಿ ಹಾಕಿದ್ರೆ ನಾನು ನಿಜವಾಗಿ ಬಿಟ್ಟು ಹೋಗ್ತೇನೆ, ನೋಡಿ" ಎಂದರು ಅಕ್ಕ.

ಭಾವ ಬರೆಯುವುದನ್ನೇ ನಿಲ್ಲಿಸಿದರು. ದೇವಸ್ಥಾನದಲ್ಲಿ ಸಿಕ್ಕವರೆಲ್ಲ, ನಿಮ್ಮ ಪೋಸ್ಟ್ ಇಲ್ಲದೆ ಬೋರಾಗಿದೆ ಸಾರ್ ಎಂದರು. ಯಾಕೆ ಬರೆಯುತ್ತಿಲ್ಲ ಎಂದು ಕೇಳಿದವರಿಲ್ಲ.

ಫಲಿತಾಂಶ ಬಂದ ದಿನ ಭಾವ ನಮ್ಮ ಮನೆಗೇ ಬಂದರು. ಫೋನಿನಲ್ಲಿ ಬೇಡ, ಹೋಗಿ ಹೇಳಿ ಬನ್ನಿ ಎಂದು ಅಕ್ಕನೇ ಕಳಿಸಿದ್ದರಂತೆ. ಅಡುಗೆಮನೆಯ ಮೇಜಿನ ಮುಂದೆ ಕೂತು, ಬೆಳಗ್ಗೆ ಕಾರು ತೆಗೆದಲ್ಲಿಂದ ಶುರು ಮಾಡಿದರು. ಫ್ರೀವೇಯಲ್ಲಿ ಗಾಡಿಗಳು ನಿಂತದ್ದು, ತಪ್ಪು ಎಕ್ಸಿಟ್ ಹಿಡಿದದ್ದು, ಆಸ್ಪತ್ರೆಯ ಪಾರ್ಕಿಂಗ್ ಕಟ್ಟಡದಲ್ಲಿ ಜಾಗ ಹುಡುಕುತ್ತಾ ಮಹಡಿಯಿಂದ ಮಹಡಿಗೆ ಸುತ್ತಿದ್ದು. ಕಾಫಿ ಲೋಟವನ್ನು ತಿರುಗಿಸುತ್ತಲೇ ಇದ್ದರು, ಕುಡಿಯಲಿಲ್ಲ. ಕೊನೆಯ ಸಾಲು ಏನೆಂದು ನನಗೆ ಅರ್ಥವಾಗಿಬಿಟ್ಟಿತು. ಕಥೆ ಲಿಫ್ಟಿನವರೆಗೆ ಬಂದಿತ್ತು. ಇನ್ನು ಉಳಿದದ್ದು ಡಾಕ್ಟರ ಕೋಣೆ.

ಭಾವ ಲೋಟ ತಿರುಗಿಸುವುದನ್ನು ನಿಲ್ಲಿಸಿದರು. ಆಮೇಲೇನಾಯಿತು ಎಂದು ನಾನು ಈ ಸಲ ಒತ್ತಲಿಲ್ಲ.

"ಕಡೆಗೆ ಜಾಗ ಸಿಕ್ಕಿದ್ದು ಯಾವ ಮಹಡೀಲಿ ಭಾವ?" ಎಂದೆ.

"ಅದೇ ಮಾರಾಯ್ತಿ" ಎನ್ನುತ್ತಾ ಅವರು ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡು, ಮತ್ತೆ ಕೆಳಗಿನ ಮಹಡಿಯಿಂದ ಶುರು ಮಾಡಿದರು.