ಇಪ್ಪತ್ತನೇ ಅಂತಸ್ತಿನ ಮಣ್ಣು

ಅರಬರ ದೇಶದಲ್ಲಿ, ಸಮುದ್ರದ ದಂಡೆಗೆ, ನನ್ನದೊಂದು ದೊಡ್ಡ ಕಟ್ಟಡವಿದೆ. ಸುಳ್ಳು ಬಿಡ್ರಿ, ಸೋಲಾಪುರದಲ್ಲಿ ನಾನಿರುವುದೇ ಬಾಡಿಗೆ ಮನೆ. ಆದರೆ ಅಲ್ಲಿ ಮನೆ ಕೊಳ್ಳುತ್ತೇನೆಂದು ನನ್ನ ತಂಗಿಯ ಗಂಡ ಹೊರಟಿದ್ದು ಮಾತ್ರ ಖರೆ. ನಮ್ಮ ಬೀಗರಲ್ಲಿ ಇಂಥದ್ದೇನಾದರೊಂದು ನಡೆದೇ ಇರುತ್ತದೆ. ನಾನು ಸ್ವಲ್ಪ ಉಪ್ಪು ಖಾರ ಹಚ್ಚುತ್ತೇನೆ, ಅಷ್ಟೇ. ನೀವು ನಕ್ಕರೆ ಈ ಚಹಾದ ರೊಕ್ಕ ನಿಮ್ಮದು.

೧. ಸಮುದ್ರದ ಬದು

ತಂಗಿಯ ಗಂಡನೆಂದರೆ ನಮ್ಮ ಮನೆಯ ಅಳಿಯ, ಅಲ್ಲಿಯ ಎಣ್ಣೆ ಬಂದರಿನಲ್ಲಿ ಕ್ರೇನ್ ನಡೆಸುತ್ತಾನೆ. ರಜೆಗೆ ತನ್ನ ಊರು ಹನ್ನೂರಿಗೆ ಬಂದವನು, ಇಲ್ಲಿಯ ಹೊಲ ಮಾರಿ ಆ ಸಮುದ್ರದ ದಂಡೆಗೊಂದು ಫ್ಲ್ಯಾಟ್ ಹಿಡಿಯುತ್ತೇನೆ ಎಂದ.

"ಹೊಲಾ ಮಾರಬ್ಯಾಡೋ" ಅಂದೆ.

"ಮಾವಾ, ಅಲ್ಲಿ ಒಂದ ಖೋಲ್ಯಾಗ ಎಂಟ ಮಂದಿ ಮಲಗತೀವಿ. ನನ್ನ ಹೆಸರಿಂದ ಒಂದ ಬಾಗಲಾ ಬ್ಯಾಡೇನು? ಒಂದ ಖೋಲಿ ನನಗ, ಉಳಿದದ್ದ ಬಾಡಿಗಿ."

ಆದರೆ ಹೊಲವಿದ್ದದ್ದು ಅವನ ತಾಯಿಯ ಹೆಸರಿನಲ್ಲಿ. ಆಕೆಯನ್ನು ಕರೆದುಕೊಂಡು ಸೋಲಾಪುರದ ಹೋಟೆಲೊಂದಕ್ಕೆ ಹೋದೆವು. ಅಲ್ಲಿ ಆ ಕಟ್ಟಡದ ಏಜೆಂಟ, ಟೈ ಕಟ್ಟಿದ ನಮ್ಮ ಕಡೆಯವನೇ, ಬಣ್ಣದ ಚಿತ್ರ ಹರವಿಕೊಂಡು ಕೂತಿದ್ದ.

"ಉತಾರಾ ತೋರಸಪಾ, ಜಾಗಾ ಯಾರ ಹೆಸರಲೆ ಐತಿ ನೋಡೂಣು" ಅಂದಳು ಮುದುಕಿ.

"ಹೊಲದ ಗತೆ ಉತಾರಾ ಇರಂಗಿಲ್ಲ ಆಯಿ, ಇದು ಇಪ್ಪತ್ತನೇ ಅಂತಸ್ತು. ಕಟ್ಟಡಾ ಇನ್ನ ಏಳಬೇಕು."

"ಹಂಗಾರ ಬದುವಿನ ಮಗ್ಗಲ ಯಾರದಾರ?"

"ಯಾರೂ ಇಲ್ಲ ಆಯಿ, ಸಮುದ್ರಾನ!"

ಮುದುಕಿ ನನ್ನ ಕಡೆ ತಿರುಗಿದಳು. "ನಮ್ಮ ಮಗ್ಗಲ ಹೊಲದಾಂವ ವರ್ಷಾ ಗೇಣ ಗೇಣ ಬದು ಒತ್ತತಾನ. ಸಮುದ್ರ ಸುಮ್ಮ ಕುಂದರತೈತೇನು? ಅದರ ಮ್ಯಾಲ ಕೇಸ್ ಯಾರ ಹಾಕವರು?"

೨. ಎರಡು ಹರಕೆ

ನಮ್ಮ ಕಡೆಯ ಮರವಡೆ ಊರಿನ ಫಿಟ್ಟರ್ ಒಬ್ಬ ಅಳಿಯನ ಬಂದರಿನ ಊರಲ್ಲೇ ಫ್ಲ್ಯಾಟ್ ಕೊಂಡಿದ್ದ. ಎಣ್ಣೆಯ ಧಾರಣೆ ಬಿತ್ತು, ಕಂಪನಿಗಳು ಮಂದಿಯನ್ನು ತೆಗೆದವು, ಅವನ ಬಾಡಿಗೆಯವರು ಸಾಮಾನು ಬಿಟ್ಟು ವಿಮಾನ ಹತ್ತಿದರು. ಕೊಳ್ಳುವವರೂ ಇಲ್ಲ. ಈಗ ಆತ ಮರವಡೆಯಲ್ಲಿ ಕೂತು ಆ ಕಟ್ಟಡದ ಈಜುಕೊಳಕ್ಕೆ ತಿಂಗಳಾ ತಿಂಗಳಾ ವರ್ಗಣಿ ರೊಕ್ಕ ಕಟ್ಟುತ್ತಾನೆ. ಬಾವಿಗೆ ಇಣುಕಲೂ ಅಂಜುವ ಮನುಷ್ಯ!

"ಅಳ್ಯಾ, ನಿನ್ನ ನೌಕರಿನೂ ಎಣ್ಣಿ ಮ್ಯಾಲ, ಮನಿನೂ ಎಣ್ಣಿ ಮ್ಯಾಲ. ಜಾರಿದ್ರ ಎರಡೂ ಕೂಡೇ ಜಾರತಾವ" ಅಂದೆ.

ಅಂಜಿದ ಅಳಿಯ ಮರುದಿನವೇ ಮೈಲಾರಲಿಂಗನಿಗೆ ಹರಕೆ ಹೊತ್ತ. "ಎಣ್ಣಿ ಧಾರಣಿ ಏರಲೆಪ್ಪಾ!" ಬರುವಾಗ ಅಕ್ಕಲಕೋಟದ ದಾರಿಯ ಪಂಪಿನಲ್ಲಿ ಮೋಟರ್‌ಸೈಕಲ್ಲಿಗೆ ಪೆಟ್ರೋಲ್ ಹಾಕಿಸುತ್ತ ಮತ್ತೆ ಕೈ ಮುಗಿದ. "ಮೈಲಾರಲಿಂಗಾ, ಯಾವಾಗ ಇಳಸತೀಯೋ ಇದನ್ನ!"

ದೇವರೇನು ಮಾಡ್ಯಾನು? ಆ ವಾರ ಧಾರಣೆ ಇದ್ದಲ್ಲೇ ಇತ್ತು.

೩. ಲಿಫ್ಟು

ಅಳಿಯನ ಮನೆಯವರದೊಂದು ಪದ್ಧತಿ: ಜಾಗ ಕೊಳ್ಳುವ ಮೊದಲು ಅಲ್ಲಿಯ ಹಿಡಿ ಮಣ್ಣು ತಂದು, ಕುರಿ ಕಾಯುವವರ ದೇವರು ಬೀರೋಬಾನ ಮುಂದಿಟ್ಟು ಅಪ್ಪಣೆ ಕೇಳಬೇಕು. "ಮಣ್ಣ ತರಸು, ಆಮ್ಯಾಲ ಹೆಬ್ಬಟ್ಟು" ಅಂದಳು ಮುದುಕಿ. ಏಜೆಂಟ ಹಟ ಹಿಡಿದು ಅಲ್ಲಿಂದ ಒಂದು ಚೀಲ ಉಸುಕು ತರಿಸಿಯೇ ಬಿಟ್ಟ. ಹೊಲ ಕೊಳ್ಳುವ ಗಿರಾಕಿಯನ್ನೂ ಅವನೇ ಹುಡುಕಿಟ್ಟಿದ್ದ.

ಕೆಲಸ ಕೆಡಿಸೋಣವೆಂದು ನಾನು ಆ ಚೀಲದಲ್ಲಿ ಒಂದು ಹಿಡಿ ಕುರಿ ಹಿಕ್ಕಿ ಬೆರೆಸಿದೆ. ಹೊಲಸು ಜಾಗ ಅಂತ ಆಕೆ ಬೇಡ ಅಂದಾಳು ಎಂದು ನನ್ನ ಲೆಕ್ಕ. ಕುರಿ ಸಾಕುವ ಮನೆಯವಳಿಗೆ ಹಿಕ್ಕಿ ಹೊಲಸೆಂದು ತಿಳಿದ ನನ್ನ ಬುದ್ಧಿಗೆ ಏನೆನ್ನಲಿ!

ಗುಡಿಯಲ್ಲಿ ಏಜೆಂಟನ ಎದುರೇ ಚೀಲ ಬಿಚ್ಚಿದ್ದೇ ಮುದುಕಿಯ ಮುಖ ಅರಳಿತು. "ಏ, ಅಲ್ಲೂ ಕುರಿ ಅದಾವೋ! ಬೀರೋಬಾ ನಮಗಿಂತ ಮೊದಲ ಹೋಗ್ಯಾನ! ತಾ ಆ ಹೊಲದ ಕಾಗದಾ!"

ಬಾಯಿ ಬಿಟ್ಟರೆ ಅಳಿಯ ನನ್ನ ಕಾಲು ಮುರಿಯುತ್ತಾನೆ, ಬಿಡದಿದ್ದರೆ ನನ್ನ ಕೈಯಾರೆ ಅವರ ಹೊಲ ಹೋಗುತ್ತದೆ. ಅಷ್ಟರಲ್ಲಿ ಮುದುಕಿಯ ಹೆಬ್ಬೆರಳಿಗೆ ಶಾಯಿ ಹತ್ತಿತ್ತು. ಕಾಗದದ ಮೇಲೆ ಬೆರಳು ಇಳಿಯಿತು... ನಿಂತಿತು.

"ತಮ್ಮಾ, ಹೊಲಾ ಹೋದ ಮ್ಯಾಲ ನಾನೂ ಹಿಂಡ ಹೊಡಕೊಂಡ ಅಲ್ಲೇ ಬರತೀನಿ. ಆ ಲಿಫ್ಟಿನಾಗ ಒಮ್ಮಿಗಿ ಎಷ್ಟ ಕುರಿ ಹಿಡೀತಾವು?"

ಏಜೆಂಟ ಪಾಪ, ಸುಳ್ಳು ಹೇಳಲು ಇನ್ನೂ ಕಲಿಯುತ್ತಿದ್ದ. "ಕುರಿ ನಡ್ಯಂಗಿಲ್ಲ ಆಯಿ. ಬೇಕಾರ ಒಂದ ಬೆಕ್ಕ ಸಾಕಬಹುದು."

ಮುದುಕಿ ಹೆಬ್ಬೆರಳನ್ನು ಅವನ ಟೈಗೆ ಒರೆಸಿದಳು. "ಕುರಿ ಬ್ಯಾಡಂದಲ್ಲಿ ಬೀರೋಬಾ ಇರಂಗಿಲ್ಲ. ಅಂವ ಇರಲಾರದ ಮನ್ಯಾಗ ನನ್ನ ಮಗಾ ಯಾಕ ಇರಬೇಕು? ನಡೀರಿ ಎಲ್ಲಾರೂ."

ಹೊಲ ಉಳಿಯಿತು. ಅಳಿಯ ಸ್ವಲ್ಪ ಹೊತ್ತು ಮುಖ ಊದಿಸಿಕೊಂಡಿದ್ದವನು, ಟೈ ನೋಡಿ ನಕ್ಕುಬಿಟ್ಟ. ಏಜೆಂಟ ಮಾತ್ರ ನನ್ನನ್ನು ಬದಿಗೆ ಕರೆದು ಕೇಳಿದ: "ಅಣ್ಣಾ, ಕುರಿ ಬಿಡಲಾರದ ಕಟ್ಟಡದ ಉಸುಕಿನ್ಯಾಗ ಹಿಕ್ಕಿ ಹ್ಯಾಂಗ ಬಂದವು?"

"ಲಿಫ್ಟಿನಾಗ" ಅಂದೆ.

ನಕ್ಕಿರಲ್ಲ? ಹಾಗಿದ್ದರೆ ನನ್ನ ಚಹಾದ ರೊಕ್ಕ ನೀವೇ ಕೊಟ್ಟುಬಿಡ್ರಿ.