ಝುಂಬರ ಕಟ್ಟಳೆ ಮತ್ತು ಒಂದು ಬಸಿ ಚಹಾ

ಇಡೀ ಬೆಳಗಾವಿಯಲ್ಲಿ ನನ್ನ ಸೋದರಮಾವನಷ್ಟು ದೊಡ್ಡ ಬೇಟೆಗಾರ ಇನ್ನೊಬ್ಬನಿಲ್ಲ. ಇದುವರೆಗೆ ಒಂದು ಸೊಳ್ಳೆಯನ್ನೂ ಕೊಂದಿಲ್ಲ ಎಂಬುದೊಂದೇ ಕೊರತೆ!

ಉದ್ಯಮಬಾಗದ ಫೌಂಡ್ರಿಯಲ್ಲಿ ಕರಗಿದ ಕಬ್ಬಿಣವನ್ನು ಅಚ್ಚಿಗೆ ಸುರಿಯುವುದು ಮಾಮಾನ ಕೆಲಸ. ಒಂದು ಹನಿಯೂ ಹೊರಗೆ ಚೆಲ್ಲುವುದಿಲ್ಲವೆಂದು ಹೆಸರು. ರಜೆಯ ದಿನ ಮಾತ್ರ ಅವರು 'ಝುಂಬ'ರಾಗುತ್ತಾರೆ. ಝುಂಬರೆಂದರೆ ಯಾರು? ಎಲ್ಲೂ ಹುಡುಕಬೇಡಿ. ಮಾಮಾನ ತಲೆಯಲ್ಲಷ್ಟೇ ವಾಸವಾಗಿರುವ ಬೇಟೆಗಾರ ಜನ! ಅವರ ಕಟ್ಟಳೆಗಳೆಲ್ಲ ಒಂದು ನೋಟ್‌ಬುಕ್ಕಿನಲ್ಲಿವೆ. ಮುರಿದವರಿಗೆ ಒಂದು ತಿಂಗಳು ಚಹಾ ಬಂದ್!

ಬೇಟೆಗೆ ಮೊದಲು ಪ್ರಾಣಿಗೆ ಊಟ ಹಾಕಬೇಕೆಂಬುದು ಮೊದಲ ಕಟ್ಟಳೆ. ಖಾಸಬಾಗದ ಮನೆಗೆ ಇಲಿ ಹೊಕ್ಕಾಗ ಮಾಮಾ ಬೋನು ತರಲಿಲ್ಲ, ತಟ್ಟೆಯಲ್ಲಿ ಸಿಹಿ ಕುಂದಾ ಇಟ್ಟರು. ಮಾಮಿ ರೇಗಿದರು.

"ಲಗ್ನಾಗಿ ಇಪ್ಪತ್ತ ವರ್ಷಾತು, ನನಗ ಒಂದಿನಾನೂ ಹಿಂಗ ತಾಟಿನ್ಯಾಗ ಹಾಕಿ ಕೊಟ್ಟಿಲ್ರಿ!"

"ನಿನ್ನ ಬೇಟಿ ಆಡೋ ಧೈರ್ಯಾ ಯಾರಿಗೈತಿ?"

ಇಲಿ ಮರುದಿನ ಸಂಸಾರ ಸಮೇತ ಬಂತು!

ಎಂ.ಎ. ಓದಿದ ನಾನು ಇಂಥವರ ಜೊತೆ ಬೇಟೆಗೆಂದು ಗುಂಜಿಗೆ ರೈಲು ಹತ್ತಿದ್ದೇ ತಪ್ಪು. ಸ್ಟೇಷನ್ನಿನಿಂದ ಕಾಡಿನಂಚಿಗೆ ನಡೆದೆವು, ಕಟ್ಟಳೆಯಂತೆ ಚಪ್ಪಲಿ ಕೊರಳಲ್ಲಿ. ಆಯುಧ? ಅರಿವೆ ಸುತ್ತಿದ ಬಿದಿರುಕೋಲು, ಪ್ರಾಣಿಗೆ ನೋವಾಗಬಾರದಲ್ಲ! ಪ್ರಾಣಿ ಕಂಡೊಡನೆ ಬಾಗಿ ಕ್ಷಮೆ ಕೇಳಿದರೆ ಬೇಟೆ ಮುಗಿಯಿತು. ಇನ್ನೊಂದು ಕಟ್ಟಳೆ: ಕಿರಿಯರು ಮುಂದೆ, ಹಿರಿಯರು ಹಿಂದೆ.

"ಮಾಮಾ, ಮುಳ್ಳ ಚುಚ್ಚಾಕತ್ತಾವ. ನೀವ ಮುಂದ ಹೋಗ್ರಿ."

"ಹುಚ್ಚಿ, ಝುಂಬರು ಜೀವಾ ಬಿಟ್ಟಾರು, ಕಟ್ಟಳಿ ಬಿಡಾಂಗಿಲ್ಲ!"

ಕವಳಿ ಪೊದೆ ದಾಟಿದೆ. ಹತ್ತು ಹೆಜ್ಜೆ ದೂರದಲ್ಲಿ ಕಾಡುಕೋಣ!

ಈಗಲೂ ಕುಕ್ಕರ್ ಸೀಟಿ ಹೊಡೆದರೆ ನನಗೆ ಆ ಬುಸುಗುಡುವ ಮೂಗೇ ಕಾಣುತ್ತದೆ. ಅದು ತಲೆ ತಗ್ಗಿಸಿ ನೆಲ ಕೆರೆಯಿತು. ನನ್ನ ಕಾಲು ನೆಲಕ್ಕೆ ಅಂಟಿತ್ತು. ಯಾರೋ ರಟ್ಟೆ ಹಿಡಿದು ಹಿಂದಕ್ಕೆಳೆದರು. ನೋಡಿದರೆ, ನನ್ನ ಮುಂದೆ ಮಾಮಾನ ಬೆನ್ನು.

"ಮಾಮಾ, ಕಟ್ಟಳಿ..."

"ಬೆಂಕಿ ಹಚ್ಚು ಕಟ್ಟಳಿಗೆ! ಹಿಂದ ನಿಂದರು. ಅಳ್ಳಾಡಬ್ಯಾಡ."

ಕೊರಳ ಚಪ್ಪಲಿ ತೂಗಾಡಿಸುತ್ತ ಅವರು ಬಾಗಿದರು. "ತಪ್ಪಾತ್ರಿ ಯಪ್ಪಾ. ಹುಡುಗಿ ಸಣ್ಣಾಕಿ ಅದಾಳ. ಹೋಗ್ತೇವ್ರಿ."

ಕಾಡುಕೋಣ ಅವರನ್ನು ನೋಡಿತು, ಚಪ್ಪಲಿ ನೋಡಿತು. ಇಂಥ ಬೇಟೆಗಾರನನ್ನು ಅದೂ ಕಂಡಿರಲಿಕ್ಕಿಲ್ಲ! ಬಾಲ ಬೀಸಿ ಪೊದೆಯೊಳಗೆ ಹೊರಟುಹೋಯಿತು.

ಮರುದಿನದಿಂದ ಮಾಮಾ ಚಹಾ ಮುಟ್ಟಲಿಲ್ಲ. "ಆರಾಮ ಇಲ್ಲೇನ್ರಿ?" ಎಂದು ಮಾಮಿ ಹಣೆ ಮುಟ್ಟಿ ನೋಡಿದರು. ಕಾರಣ ಗೊತ್ತಿದ್ದದ್ದು ನನಗೊಬ್ಬಳಿಗೇ. ನಾಲ್ಕನೆಯ ದಿನ ತಡೆಯಲಾರದೆ ನೋಟ್‌ಬುಕ್ ತೆಗೆದು ಬರೆದೆ: 'ಕಿರಿಯರ ಜೀವಕ್ಕೆ ಅಪಾಯ ಬಂದರೆ ಹಿರಿಯರು ಮುಂದೆ ನಿಲ್ಲತಕ್ಕದ್ದು. ದಂಡ ಮಾಫಿ.'

ಮಾಮಾ ಎರಡು ಸಲ ಓದಿದರು. ಮಾಮಿಯಿಂದ ಚಹಾ ತರಿಸಿದರು. ಕಪ್ಪಿನಿಂದ ಕೆಳಗಿನ ಬಸಿಗೆ ಬಗ್ಗಿಸಿದರು. ಅರ್ಧ ನೆಲಕ್ಕೆ ಚೆಲ್ಲಿತು. ಕರಗಿದ ಕಬ್ಬಿಣದ ಒಂದು ಹನಿಯನ್ನೂ ಚೆಲ್ಲದ ಆ ಕೈಯೆದುರು ಕಾಡುಕೋಣ ಇನ್ನೂ ನಿಂತಿತ್ತು.